ಹಿಂದಿನ ಗೇಟಿಗೆ ಬಂದ ನೋಟಿಸು

"ಅಲ್ಲಾಡಬೇಡಿ. ಎಳೆದಷ್ಟೂ ಸಿಕ್ಕಿಹಾಕಿಕೊಳ್ಳುತ್ತೆ."

ಗಂಡಸಿನ ದನಿ ಕೇಳಿ ಅವಳು ಬೆಚ್ಚಿ ತಲೆ ಹೊರಳಿಸಿದಳು.

ಹಿತ್ತಲಲ್ಲಿ ಒರಗಿಸಿಟ್ಟ ಹಳೇ ಬಾಗಿಲುಗಳ ಸಂದಿಯಲ್ಲಿ ಅವಳ ಬಲಗೈ ಮೊಣಕೈವರೆಗೂ ಹೋಗಿತ್ತು. ಬೆರಳ ತುದಿಗೆ ಬೆಕ್ಕಿನ ಮರಿಯೊಂದರ ಬೆಚ್ಚನೆಯ ಮೈ ತಾಗುತ್ತಿತ್ತು. ಕೈ ಮಾತ್ರ ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು.

ಹಿಂದಿನ ಗೇಟಿನ ಕಂಬಿಗಳಾಚೆ ಖಾಕಿ ಅಂಗಿಯವನೊಬ್ಬ ನಿಂತಿದ್ದ.

"ಗೇಟಿನ ಬೀಗದ ಕೈ ಎಲ್ಲಿದೆ ಹೇಳಿ."

"ನನ್ನ ಹತ್ರ ಇಲ್ಲ."

"ಮುಂದಿನ ಗೇಟಿಗೂ ಹೊರಗಿಂದ ಬೀಗ ಇದೆ."

"ಅಣ್ಣ ಹಾಕ್ಕೊಂಡು ಹೋಗಿದ್ದಾನೆ."

"ಒಳಗೆ ನೀವಿದ್ದಾಗಲೂ?"

 ಅವನು ಗೋಡೆ ಹತ್ತಿ ಈಚೆ ಧುಮುಕಿದ, ಭುಜ ಕೊಟ್ಟು ಬಾಗಿಲನ್ನು ಎತ್ತಿದ. ಅವಳ ಕೈ ಹೊರಬಂತು. ಮುಷ್ಟಿಯೊಳಗೆ ಬೂದು ಬಣ್ಣದ ಮರಿಯೂ ಬಂತು.

"ಥ್ಯಾಂಕ್ಸ್..."

"ಅದನ್ನ ಆಮೇಲೆ ಹೇಳಿ," ಎಂದು ಅವನು ಮುಜುಗರದಿಂದ ಜೇಬಿನ ಕಾಗದ ತೆಗೆದ. "ನಾನು ಬಂದದ್ದು ಇದನ್ನ ಕೊಡೋಕೆ."

ನಗರಸಭೆಯ ನೋಟಿಸು. ಈ ಆವರಣದಲ್ಲಿ ಆಹಾರ ಹಾಕಿ ಬೀದಿ ಬೆಕ್ಕುಗಳನ್ನು ಆಕರ್ಷಿಸಲಾಗುತ್ತಿದೆ ಎಂದು ದೂರು ಬಂದಿದೆ. ಪ್ರತಿದಿನ ಆಹಾರ ಹಾಕುವವರನ್ನೇ ಆ ಪ್ರಾಣಿಯ ಪಾಲಕರೆಂದು ಪರಿಗಣಿಸಲಾಗುವುದು. ತಿಂಗಳೊಳಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ ಹೆಸರು ನೋಂದಾಯಿಸಬೇಕು. ಇಲ್ಲವಾದರೆ ಪ್ರಾಣಿಗಳನ್ನು ವಶಕ್ಕೆ ಪಡೆಯಲಾಗುವುದು.

"ಯಾರು ದೂರು ಕೊಟ್ಟಿದ್ದು?"

ಅವನು ಕಣ್ಣು ತಪ್ಪಿಸಿದ. "ಅದನ್ನ ಹೇಳೋ ಹಾಗಿಲ್ಲ."

*

ಮನೆಯಲ್ಲಿ ಎಲ್ಲರೂ ಅವಳನ್ನು ಪುಟ್ಟಿ ಎಂದೇ ಕರೆಯುತ್ತಿದ್ದರು. ಮೂವತ್ತು ದಾಟಿದ ಮೇಲೂ ಪುಟ್ಟಿಯೇ.

ಗಂಡ ಇನ್ನೊಬ್ಬಳ ಜೊತೆ ಸಂಸಾರ ಹೂಡಿದಾಗ ಅಣ್ಣನೇ ಹೋಗಿ ಅವಳನ್ನು ಕರೆತಂದಿದ್ದ. ವಿಚ್ಛೇದನ ಕೊಡಿಸಿದ್ದೂ ಅವನೇ. ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಟ್ಟ. ಪರದೆ ಅಂಗಡಿಯಿಂದ ಬಟ್ಟೆ ಅವನೇ ತರುತ್ತಿದ್ದ, ಹೊಲಿದ ಪರದೆಗಳನ್ನು ಅವನೇ ಒಯ್ಯುತ್ತಿದ್ದ. ದಾರದ ಉಂಡೆ ಬೇಕೆಂದರೂ "ನಾನು ತರ್ತೀನಲ್ಲ, ನೀನ್ಯಾಕೆ ಬಿಸಿಲಲ್ಲಿ?" ಎನ್ನುತ್ತಿದ್ದ.

ಬೆಳಿಗ್ಗೆ ಅಣ್ಣ ಅತ್ತಿಗೆ ಇಬ್ಬರೂ ತಮ್ಮ ಬಣ್ಣದ ಅಂಗಡಿಗೆ ಹೊರಡುವಾಗ ಗೇಟಿಗೆ ಬೀಗ ಬೀಳುತ್ತಿತ್ತು. "ಕಾಲ ಸರಿ ಇಲ್ಲ ಪುಟ್ಟಿ, ಭದ್ರವಾಗಿರು."

ಊರಿನ ಅರ್ಧ ಮನೆಗಳ ಕಿಟಕಿಗೆ ಅವಳು ಹೊಲಿದ ಪರದೆಗಳಿದ್ದವು. ಒಂದು ಮನೆಯನ್ನೂ ಅವಳು ನೋಡಿರಲಿಲ್ಲ.

ಹೀಗಿರುವಾಗ ಹಿತ್ತಲಿಗೆ ತುಂಬು ಹೊಟ್ಟೆಯ ಬೆಕ್ಕೊಂದು ಬಂತು, ಹಳೇ ಬಾಗಿಲುಗಳ ಹಿಂದೆ ಮರಿ ಹಾಕಿತು. ಅದಕ್ಕೆ ಹಾಲು ಇಡಲೆಂದು ಅವಳು ಹಿಂದಿನ ಗೇಟಿನವರೆಗೆ ಹೋಗತೊಡಗಿದಳು. ಓಣಿಯಲ್ಲಿ ಓಡಾಡುವವರು ಕಂಬಿಗಳ ಆಚೆಯಿಂದ ಮಾತಾಡಿಸತೊಡಗಿದರು. ಪರದೆ ಅಂಗಡಿಯ ಆಂಟಿಯೂ ಒಂದು ದಿನ ಬಂದು, "ನಮ್ಮಲ್ಲೇ ಕೂತು ಹೊಲಿಯಮ್ಮಾ, ಮೇಲಿನ ಕೋಣೆ ಖಾಲಿ ಇದೆ," ಎಂದಿದ್ದರು. ಅವಳು ಆಸೆಯಿಂದ ಅಣ್ಣನಿಗೆ ಹೇಳಿದ್ದಳು. ಅವನು ಊಟದ ತಟ್ಟೆಯಿಂದ ತಲೆ ಎತ್ತಿರಲಿಲ್ಲ.

*

ಮರುದಿನ ಖಾಕಿ ಅಂಗಿಯವನು ತಾಯಿ ಬೆಕ್ಕನ್ನು ಹಿಡಿದು ಶಸ್ತ್ರಚಿಕಿತ್ಸೆಗೆ ಒಯ್ಯಲೆಂದು ಗೋಡೆಯ ಮೇಲಿಂದ ಒಂದು ಬೋನು ಇಳಿಸಿಕೊಟ್ಟ. ಬೀದಿಯವರು ಅವನನ್ನು ಬೋನು ಸಾಹೇಬ ಎನ್ನುತ್ತಿದ್ದರು. ಎದುರಿಗಲ್ಲ, ಅವನು ದಾಟಿ ಹೋದ ಮೇಲೆ.

ತಾಯಿ ಬೆಕ್ಕು ಕಾಡುಜಾತಿ. ಬೋನಿನ ಹತ್ತಿರ ಬರುವುದು, ಮೂಸುವುದು, ಬಾಲ ಎತ್ತಿಕೊಂಡು ಹೋಗಿಬಿಡುವುದು. ಅವನು ದಿನಾ ಬೆಳಿಗ್ಗೆ ನೋಡಲು ಬರುತ್ತಿದ್ದ. ಅವಳು ಕಂಬಿಗಳ ನಡುವಿಂದ ಚಹಾದ ಕಪ್ಪು ಚಾಚುತ್ತಿದ್ದಳು.

"ಈ ಬೀದೀಲಿ ನನಗೆ ಚಹಾ ಕೊಟ್ಟವರು ನೀವೇ ಮೊದಲು," ಎಂದ ಒಂದು ದಿನ. "ನನ್ನ ಗಾಡಿ ಕಂಡರೆ ಬಾಗಿಲು ಹಾಕ್ಕೊಳ್ತಾರೆ. ಒಂದು ಕಡೆ ಹೆಣ್ಣು ನೋಡೋಕೆ ಹೋದ್ರೆ, ನಾಯಿ ಹಿಡಿಯೋನಾ ಅಂತ ಹುಡುಗಿಯ ಅಜ್ಜಿ ಎದ್ದೇ ಹೋದರು."

"ನೀವೇನಂದ್ರಿ?"

"ಬೆಕ್ಕೂ ಹಿಡೀತೀನಿ ಅಂದೆ."

ಅವಳು ನಕ್ಕಳು. ನಕ್ಕ ಸದ್ದು ಕೇಳಿ ತಾನೇ ಬೆಚ್ಚಿದಳು. ಈ ಮನೆಯಲ್ಲಿ ಹೀಗೆ ನಕ್ಕು ಎಷ್ಟು ಕಾಲವಾಯಿತೋ... ನೆನಪಾಗಲಿಲ್ಲ.

ಆ ವಾರದ ಕೊನೆಗೆ ಬೆಕ್ಕು ಸಿಕ್ಕಿತು. ಬೋನಿನ ಬಾಗಿಲು ಬಿದ್ದ ಸದ್ದಿಗೆ ಅವಳು ಓಡಿಬಂದಳು. ಬೆಕ್ಕು ಸುತ್ತುತ್ತಿತ್ತು, ತಂತಿಗೆ ಮೂತಿ ಗುದ್ದುತ್ತಿತ್ತು, ಕಿರುಚುತ್ತಿತ್ತು. ಗೇಟಿನಾಚೆ ಅವನಿದ್ದ.

"ಬಿಟ್ಟುಬಿಡೋಣ," ಎಂದಳು ಅಳುತ್ತಾ. "ನನ್ನ ಕೈಲಿ ನೋಡೋಕಾಗಲ್ಲ."

"ಒಂದು ಬಟ್ಟೆ ಹೊದಿಸಿ. ಕತ್ತಲಾದ್ರೆ ಸುಮ್ಮನಾಗುತ್ತೆ."

ಅವಳು ದಪ್ಪ ಪರದೆಯೊಂದನ್ನು ತಂದು ಬೋನಿನ ಮೇಲೆ ಹಾಕಿದಳು. ಸ್ವಲ್ಪ ಹೊತ್ತಿಗೆ ಒಳಗಿನ ಸದ್ದು ನಿಂತೇ ಹೋಯಿತು.

"ನೋಡಿ, ಸಮಾಧಾನವಾಯ್ತು," ಎಂದ.

"ಸಮಾಧಾನ ಅಲ್ಲ ಅದು." ಅವಳು ಪರದೆಯನ್ನೇ ನೋಡುತ್ತಿದ್ದಳು. "ನಾನೂ ಹೀಗೇ ಸುಮ್ಮನಾಗಿದ್ದು."

ಅವನು ಕಂಬಿಗಳ ನಡುವೆ ಕೈ ಚಾಚಿದ... ಅವಳ ಭುಜ ಮುಟ್ಟುವ ಮೊದಲೇ ಹಿಂತೆಗೆದುಕೊಂಡ. ಅವಳು ಅದನ್ನು ನೋಡಿದಳು. ಮುಟ್ಟಿದ್ದರೆ ಚೆನ್ನಾಗಿತ್ತು ಎಂದು ಮನಸ್ಸು ಹೇಳಿತು. ಆಮೇಲೆ ಬೋನನ್ನು ಗೋಡೆಯ ಮೇಲೆತ್ತಿ ಅವನ ಕೈಗೆ ದಾಟಿಸಿದಳು. ಆಸ್ಪತ್ರೆಯಿಂದ ಬೆಕ್ಕನ್ನು ವಾಪಸು ಪಡೆಯಲು ನೋಂದಣಿ ಆಗಬೇಕಿತ್ತು. ಅದಕ್ಕೆ ಮನೆ ಮಾಲೀಕರ ಒಪ್ಪಿಗೆ ಬೇಕಿತ್ತು.

*

"ಸಾಧ್ಯವೇ ಇಲ್ಲ," ಎಂದ ಅಣ್ಣ. "ಮರಿಗಳನ್ನೂ ತಗೊಂಡು ಹೋಗಲಿ. ದೂರು ಕೊಟ್ಟವರು ಯಾರೋ ಪುಣ್ಯ ಕಟ್ಟಿಕೊಂಡರು."

ಅತ್ತಿಗೆ ಪಾತ್ರೆ ತೊಳೆಯುತ್ತಿದ್ದವಳು ಕೈ ನಿಲ್ಲಿಸಿದಳು. ಅಣ್ಣ ಸ್ನಾನಕ್ಕೆ ಹೋದದ್ದೇ ತಡ, ಪುಟ್ಟಿಯ ಪಕ್ಕ ಬಂದು ನಿಂತಳು.

"ದೂರು ಕೊಟ್ಟಿದ್ದು ನಿಮ್ಮಣ್ಣನೇ ಕಣೇ. ಬೆಕ್ಕು ಹೋದರೆ ನೀನು ಆ ಗೇಟಿಗೆ ಹೋಗಲ್ಲ, ಆಮೇಲೆ ಅಲ್ಲಿ ಗೋಡೆ ಎಬ್ಬಿಸಿಬಿಡ್ತೀನಿ ಅಂದರು. ಹೇಳಬೇಡ ಅಂದಿದ್ದರು. ನನ್ನ ಹೊಟ್ಟೇಲಿ ಇಟ್ಟುಕೊಳ್ಳೋಕೆ ಆಗ್ಲಿಲ್ಲ."

ಪುಟ್ಟಿ ಗೋಡೆಗೆ ಒರಗಿ ನಿಂತಳು. ಅಣ್ಣನಾ...? ಆಮೇಲೆ ಇನ್ನೊಂದು ಹೊಳೆಯಿತು, ಅದು ಇನ್ನೂ ಜೋರಾಗಿ ನಾಟಿತು. ದಿನಾ ಚಹಾ ಕುಡಿದು ಹೋಗುತ್ತಿದ್ದವನಿಗೂ ಇದು ಗೊತ್ತಿತ್ತು.

ಮರುದಿನ ಗೇಟಿನ ಬಳಿ ಚಹಾ ಇರಲಿಲ್ಲ.

"ನಿಮಗೆ ಗೊತ್ತಿತ್ತು ಅಲ್ವಾ?"

"ಗೊತ್ತಿತ್ತು."

"ದಿನಾ ಬಂದು ಮಾತಾಡಿದ್ರಿ. ಒಂದು ದಿನವೂ ಬಾಯಿ ಬಿಡಲಿಲ್ಲ."

"ಹೆಸರು ಹೇಳೋದು ನಿಯಮಕ್ಕೆ..."

"ಹೋಗಿ. ನೀವೂ ಬೀಗದ ಕಡೆಯವರೇ."

 ನಾಲ್ಕು ಹೆಜ್ಜೆ ಹೋದವನು ತಿರುಗಿದ. "ನೋಂದಣಿಗೆ ಪಾಲಕರಾಗಿ ನಿಮ್ಮ ಹೆಸರು, ನೀವಿರೋ ಮನೆಯವರ ಒಪ್ಪಿಗೆ ಇದ್ದರೆ ಸಾಕು. ಇದೇ ಮನೆ ಆಗಬೇಕು ಅಂತ ನಿಯಮದಲ್ಲಿ ಎಲ್ಲೂ ಇಲ್ಲ."

ಆಮೇಲೆ ಅವನು ಬರಲಿಲ್ಲ.

ಅವಳು ಮರಿಗಳಿಗೆ ಹಾಲು ಕುಡಿಸಿದಳು, ಹೊಲಿದಳು, ಹೊಲಿದದ್ದನ್ನೇ ಬಿಚ್ಚಿದಳು. ಯಂತ್ರ ನಿಲ್ಲಿಸಿದರೆ ಮನೆಯ ನಿಶ್ಶಬ್ದ ಕಿವಿಗೆ ಅಡರುತ್ತಿತ್ತು. ಬೆಳಗಾದರೆ ಗೇಟಿನ ಕಡೆ ನೋಡಬಾರದೆಂದುಕೊಂಡು ನೋಡುತ್ತಿದ್ದಳು. ಅವನ ಮೇಲಿನ ಸಿಟ್ಟಿಗಿಂತ ಅವನ ಕೊನೆಯ ಮಾತೇ ಹೆಚ್ಚು ಕಾಡುತ್ತಿತ್ತು. ಇದೇ ಮನೆ ಆಗಬೇಕು ಅಂತ ಇಲ್ಲ...

ಭಾನುವಾರ ತಿಂಡಿಯ ಹೊತ್ತಿಗೆ ಅವಳು ಅಣ್ಣನ ಎದುರು ಕೂತಳು.

"ಅಣ್ಣಾ, ಗೇಟಿನ ಕೀಲಿ ಕೊಡು. ಪರದೆ ಅಂಗಡಿಯ ಕೋಣೆಗೆ ಹೋಗ್ತಿದ್ದೀನಿ."

"ನಿನಗೆ ಇಲ್ಲಿ ಏನು ಕಡಿಮೆಯಾಗಿದೆ ಪುಟ್ಟಿ?"

"ಏನೂ ಇಲ್ಲ."

"ಮತ್ತೆ?" ಅವನ ದನಿ ಒಡೆಯಿತು. "ಅವತ್ತು ನಿನ್ನನ್ನ ಕರ್ಕೊಂಡು ಬಂದಾಗ ನೀನು ಹೇಗಿದ್ದೆ ಗೊತ್ತಾ? ಮತ್ತೆ ಯಾರಾದ್ರೂ ನಿನ್ನ ಅಳಿಸಿದ್ರೆ ನಾನು ತಡಕೊಳ್ಳಲ್ಲ."

"ಅಳೋದಿದ್ದರೆ ಹೊರಗೆ ಹೋಗಿ ಅಳ್ತೀನಿ ಅಣ್ಣಾ. ಇಲ್ಲಿ ಅಳೋಕೂ ನನಗೆ ಉಸಿರು ಸಾಲ್ತಿಲ್ಲ."

 ಗೂಟಕ್ಕೆ ನೇತುಹಾಕಿದ್ದ ಅಣ್ಣನ ಅಂಗಿಯ ಜೇಬಿನಿಂದ ಅತ್ತಿಗೆ ಕೀಲಿಗೊಂಚಲು ತೆಗೆದಳು. ಅವನು ನೋಡಿದ. ಬೇಡ ಎನ್ನಲಿಲ್ಲ. ಸಂಜೆ ಹೊಲಿಗೆ ಯಂತ್ರವನ್ನು ತಾನೇ ಹೊತ್ತು ಗಾಡಿಗೇರಿಸಿದ, ಅವಳ ಮುಖ ಮಾತ್ರ ನೋಡಲಿಲ್ಲ.

*

ನಗರಸಭೆಯ ಪ್ರಾಣಿ ವಿಭಾಗದ ಕೌಂಟರಿನಲ್ಲಿ ಸಾಲು ಬಾಗಿಲಾಚೆವರೆಗೂ ಇತ್ತು. ತಲೆ ತಗ್ಗಿಸಿ ಬರೆಯುತ್ತಿದ್ದ ಖಾಕಿ ಅಂಗಿಯವನು ಮುಂದಿನವರು ಯಾರೆಂದು ನೋಡಲಿಲ್ಲ.

"ಪ್ರಾಣಿ?"

"ಬೆಕ್ಕು. ಮರಿಗಳೂ ಇವೆ."

ಪೆನ್ನು ನಿಂತಿತು. ನಿಧಾನವಾಗಿ ತಲೆ ಎತ್ತಿದ. ಸೊರಗಿದ್ದ.

"ವಿಳಾಸ?"

"ಪರದೆ ಅಂಗಡಿ, ಮೇಲಿನ ಕೋಣೆ. ಆಂಟಿ ಒಪ್ಪಿಗೆ ಬರೆದುಕೊಟ್ಟಿದ್ದಾರೆ."

ಅವನು ಬರೆದ. ಬರೆಯುತ್ತಲೇ ಮೆಲ್ಲಗೆ ಹೇಳಿದ, "ಕೆಲಸಕ್ಕೆ ಹೆದರಿ ಸುಮ್ಮನಿರಲಿಲ್ಲ ನಾನು. ನಿಮ್ಮವರು ಅಂತ ಇದ್ದದ್ದು ಅಣ್ಣ ಒಬ್ಬರೇ. ಅವರನ್ನೂ ನಾನೇ ಬಾಯಿಬಿಟ್ಟು ನಿಮ್ಮಿಂದ ಕಿತ್ತುಕೊಳ್ಳೋದು ಹೇಗೆ ಅನ್ನಿಸ್ತು."

"ನನ್ನ ಒಳ್ಳೇದಕ್ಕೆ ಅಂತ ಎಲ್ಲರೂ ಮುಚ್ಚಿಡ್ತಾರೆ. ನೀವೂ ಮುಚ್ಚಿಟ್ಟಿರಿ." ಅವಳ ಕಣ್ಣು ತುಂಬಿತ್ತು, ದನಿ ನಡುಗಲಿಲ್ಲ. "ಇನ್ನೇನಾದರೂ ಮುಚ್ಚಿಟ್ಟಿದ್ದರೆ ಈಗಲೇ ಹೇಳಿಬಿಡಿ."

ಅವನು ಪೆನ್ನು ಕೆಳಗಿಟ್ಟ. ಕಿವಿ ಕೆಂಪಾಗಿತ್ತು.

"ನೀವಂದ್ರೆ ನನಗೆ ಇಷ್ಟ. ತುಂಬಾ ದಿನದಿಂದ."

ಹಿಂದೆ ನಾಯಿ ಹಿಡಿದು ನಿಂತಿದ್ದವರು ಇಣುಕಿದರು. "ಸಾರ್, ನಮ್ಮದು ಬೇಗ ನೋಡ್ತೀರಾ?"

"ಸ್ವಲ್ಪ ಇರಿ," ಎಂದಳು ಅವಳು ತಿರುಗಿ. "ಅವರು ಇನ್ನೂ ಮುಗಿಸಿಲ್ಲ."

ಮತ್ತೆ ಅವನ ಕಡೆ ನೋಡಿದಳು. "ಹೇಳಿ... ತುಂಬಾ ದಿನ ಅಂದ್ರೆ ಎಷ್ಟು?"