ಹನ್ನೊಂದು ಪುಟದ ಕ್ಷಮೆ

ಫೈಲು ತುಂಬಿದ ಕಬ್ಬಿಣದ ರ‍್ಯಾಕ್ ಕೋರ್ಟಿನ ಮೆಟ್ಟಿಲ ಮೇಲಿಂದ ನೇರ ನನ್ನ ತಲೆಗೇ ಬಂತು.

ಗೋಡೆಗೆ ಅಂಟಿಕೊಂಡೆ. ಕೂದಲೆಳೆಯಲ್ಲಿ ಬಚಾವು...

ತಳ್ಳಿದ್ದು ಒಬ್ಬ ವಕೀಲೆ. ಅವಳ ಅಣ್ಣನೂ ವಕೀಲನೇ, ಜೊತೆಗೇ ಓಡುತ್ತಿದ್ದ. ನಾನು ಶಾಸನಸಭೆಯ ಮಾರ್ಷಲ್. ಸಂಜೆ ನಾಲ್ಕು ಗಂಟೆಯೊಳಗೆ ಇಬ್ಬರನ್ನೂ ಸಭೆಯ ಮುಂದೆ ನಿಲ್ಲಿಸದಿದ್ದರೆ ನನ್ನ ಕೆಲಸಕ್ಕೆ ಎಳ್ಳುನೀರು.

ಅವರ ತಪ್ಪೇನು ಗೊತ್ತಾ? ಸಭೆಯ ಸಮಿತಿಗೆ ಮುಖದ ಮೇಲೇ ಹೇಳಿದ್ದರು, "ನಿಮಗೆ ಒಂಬತ್ತರವರೆಗೂ ಎಣಿಸೋಕೆ ಬರಲ್ಲ."

ಒಬ್ಬ ಸದಸ್ಯ ಗೆದ್ದಿದ್ದು ಒಂಬತ್ತೇ ಮತದಿಂದ. ಆಸ್ಪತ್ರೆಯಿಂದ ಬಂದ ಏಳನೇ ಮತಪೆಟ್ಟಿಗೆಯನ್ನು ಯಾರೂ ತೆರೆದಿರಲಿಲ್ಲ. ಸೋತವರ ಪರವಾಗಿ ಈ ಅಣ್ಣ ತಂಗಿ ಎಂಟು ತಿಂಗಳು ಅಲೆದರು. ಸಭೆಗೆ ಪುರುಸೊತ್ತಿರಲಿಲ್ಲ. ಬೈದ ಮರುದಿನವೇ ಪುರುಸೊತ್ತಾಯಿತು, ಬಂದು ಕ್ಷಮೆ ಕೇಳಿ ಎಂದು ಅಪ್ಪಣೆ ಹೊರಟಿತು!

ಆ ಪೆಟ್ಟಿಗೆಯಲ್ಲಿ ನಮ್ಮಮ್ಮನ ಮತವೂ ಇತ್ತು. ಮೂಗಿಗೆ ನಳಿಕೆ ಇಟ್ಟುಕೊಂಡೇ ಓಟು ಹಾಕಿದ್ದಳು. ನನಗೂ ಹೊಟ್ಟೆ ಉರಿಯುತ್ತಿತ್ತು. ಆದರೆ ಡ್ಯೂಟಿ ಅಂದ ಮೇಲೆ ಡ್ಯೂಟಿ.

ಪಾರ್ಕಿಂಗಿನಲ್ಲಿ ಅಡ್ಡಹಾಕಿದೆ. ಅಣ್ಣ ಏದುಸಿರು ಬಿಡುತ್ತಾ ವಾಚು ನೋಡಿದ.

"ಮೂರೂವರೆ. ಯಾಕಿಷ್ಟು ಲೇಟು ಸಾರ್? ಎರಡು ಸಲ ನಿಂತು ಕಾದ್ವಿ."

"ಮತ್ತೆ ಓಡಿದ್ಯಾಕೆ?"

"ನಾವಾಗೇ ಬಂದಿದ್ರೆ ಸಮಿತಿ ರೂಮಲ್ಲೇ ಗದರಿಸಿ ಕಳಿಸ್ತಿದ್ರು," ಅಂದಳು ತಂಗಿ. "ಓಡಿದವರನ್ನ ಪೂರ್ತಿ ಸಭೆ ಮುಂದೆ ನಿಲ್ಲಿಸ್ತಾರೆ."

"ಆ ರ‍್ಯಾಕು?"

"ನಿಮಗೆ ಸಿಟ್ಟು ಬರ್ಲಿ ಅಂತ. ಅರ್ಧಕ್ಕೆ ಬಿಟ್ಟು ಹೋಗ್ಬಾರ್ದಲ್ಲ."

ನಾಲ್ಕಕ್ಕೆ ಇಬ್ಬರನ್ನೂ ಪೂರ್ತಿ ಸಭೆಯ ಮುಂದೆ ನಿಲ್ಲಿಸಿದೆ. ಕ್ಷಮೆ ಕೇಳುವವರನ್ನು ನಡುವೆ ತಡೆಯುವಂತಿಲ್ಲ, ಅದು ಸಭೆಯದೇ ನಿಯಮ. ತಂಗಿ ಹನ್ನೊಂದು ಪುಟ ಓದಿದಳು. ಏಳನೇ ಪೆಟ್ಟಿಗೆಯಲ್ಲಿ ಇನ್ನೂರ ಹನ್ನೆರಡು ಮತ ಇವೆ ಎಂದು ನೆನಪಿಸಿದ್ದಕ್ಕೆ ಕ್ಷಮೆ. ಎಂಟು ತಿಂಗಳು ಬಾಗಿಲು ತಟ್ಟಿ ನಿದ್ದೆ ಕೆಡಿಸಿದ್ದಕ್ಕೆ ಕ್ಷಮೆ... ಗ್ಯಾಲರಿಯಲ್ಲಿ ಪತ್ರಕರ್ತರ ಪೆನ್ನು ನಿಲ್ಲಲೇ ಇಲ್ಲ.

ಸಭಾಧ್ಯಕ್ಷರು ಬೆವರು ಒರೆಸಿಕೊಂಡರು. ಪೆಟ್ಟಿಗೆ ಮುಚ್ಚಿಯೇ ಇರಲಿ ಎಂಬ ನಿರ್ಣಯವನ್ನು ಅವಸರದಲ್ಲಿ ಮತಕ್ಕೆ ಹಾಕಿದರು. ಎರಡೂ ಕಡೆ ಸಮ ಬಂದರೆ ನಿರ್ಣಯ ಬೀಳುತ್ತದೆ, ಪೆಟ್ಟಿಗೆ ತೆರೆಯಲೇಬೇಕು. ಕೈ ಎಣಿಸುವುದು ಮಾರ್ಷಲ್ ಕೆಲಸ.

ತೆರೆಯಿರಿ ಅಂದವರು ಮೂವತ್ತು. ಮುಚ್ಚಿರಲಿ ಅಂದವರು ಮೂವತ್ತೊಂದು.

ಆ ಕೊನೆಯ ಕೈ... ಒಂಬತ್ತು ಮತದಿಂದ ಗೆದ್ದವನದೇ.

"ಎಷ್ಟಾಯ್ತು?" ಸಭಾಧ್ಯಕ್ಷರು ಕೇಳಿದರು.

ಹೆದರಿಕೆಯಾಗಿತ್ತು, ಸುಳ್ಳೇಕೆ ಹೇಳಲಿ.

"ಆ ಕಡೆ ಮೂವತ್ತು, ಈ ಕಡೆ ಮೂವತ್ತು. ಸಮ ಸಾರ್."

"ನಾನು ಮೂವತ್ತೊಂದು ಎಣಿಸಿದೆ. ನಿಮ್ಮ ಲೆಕ್ಕ ತಪ್ಪು."

"ಲೆಕ್ಕ ಸರಿಯಿದೆ ಸಾರ್. ಕೈ ತಪ್ಪು."

ದಾಖಲೆಗೆ ಮೂವತ್ತೊಂದೇ ಹೋಯಿತು. ಪೆಟ್ಟಿಗೆ ಮುಚ್ಚಿಯೇ ಉಳಿಯಿತು. ಸದನಕ್ಕೆ ಅವಮಾನ ಮಾಡಿದ ಮಾರ್ಷಲ್ ನಾಳೆ ಬಂದು ಕ್ಷಮೆ ಕೇಳಬೇಕೆಂದು ಅಪ್ಪಣೆಯಾಯಿತು. ಆ ವಿಷಯದಲ್ಲಿ ಮಾತ್ರ ಅರವತ್ತೊಂದೂ ಕೈ ಒಟ್ಟಿಗೇ ಮೇಲೆದ್ದವು.

ತಂಗಿ ವಕೀಲೆ ನನ್ನ ಪಕ್ಕಕ್ಕೆ ಬಂದು ಪೆನ್ನಿನ ಮುಚ್ಚಳ ತೆಗೆದಳು.

"ಎಷ್ಟು ಪುಟ ಬರೀಲಿ ಸಾರ್?"