ಮುಕ್ತ ವೇದಿಕೆಯ ಮೈಕು

ಬುಧವಾರ ಬೆಳಿಗ್ಗೆ ವಿದ್ಯಾರ್ಥಿ ನಾಯಕ ಠಾಣೆಗೆ ಬಂದು ದೂರು ಕೊಟ್ಟ. ಹಿಂದಿನ ಸಂಜೆ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ, ವಿದ್ಯಾರ್ಥಿಗಳ ಮುಕ್ತ ವೇದಿಕೆಯಲ್ಲಿ, ಅವನು ಭಾಷಣಕ್ಕೆ ನಿಂತ ಕೂಡಲೇ ಯಾರೋ ಮೈಕಿನ ವೈರ್ ಕತ್ತರಿಸಿದ್ದರು. ಭಾಷಣದ ವಿಷಯ ವಾಕ್ ಸ್ವಾತಂತ್ರ್ಯ. ಇನ್‌ಸ್ಪೆಕ್ಟರಿಗೆ ನಗು ಬಂತು, ನುಂಗಿಕೊಂಡರು.

"ಯಾರ ಮೇಲೆ ಅನುಮಾನ?"

"ಕುಲಸಚಿವರ ಮೇಲೆ ಸರ್. ನನ್ನ ಬಾಯಿ ಮುಚ್ಚಿಸೋಕೆ ಕಾಯ್ತಾನೇ ಇದ್ರು."

ಕುಲಸಚಿವರು ಫೋನಿನಲ್ಲಿ ಬೇರೆಯದೇ ರಾಗ ಎಳೆದರು. ಇದು ಹುಡುಗರದೇ ಕಿತಾಪತಿಯಂತೆ. ಶುಕ್ರವಾರದೊಳಗೆ ಆರೋಪಿ ಸಿಗದಿದ್ದರೆ ಮುಕ್ತ ವೇದಿಕೆಗೇ ಬೀಗವಂತೆ. ಎಫ್‌ಐಆರ್ ದಾಖಲಾಯಿತು.

ಇನ್‌ಸ್ಪೆಕ್ಟರ್ ಮಹಿಳಾ ಹೆಡ್ ಕಾನ್‌ಸ್ಟೇಬಲ್ ಜೊತೆ ಸಭಾಂಗಣಕ್ಕೆ ಹೋದರು. ವೈರ್ ಮುಂದಿನ ಸಾಲಿನ ಕಾರ್ಪೆಟ್ ಅಡಿಯಲ್ಲಿ ಹಾದುಹೋಗಿತ್ತು. ಕೊನೆಯ ಕುರ್ಚಿಯ ಬುಡದಲ್ಲಿ ನೀಟಾಗಿ ತುಂಡಾಗಿತ್ತು. ಪಂಚನಾಮೆ ಮುಗಿಸಿ ತುಂಡುಗಳನ್ನು ಸೀಲ್ ಮಾಡಿದರು.

ಬಳಿಕ ನಾಯಕನ ಗೆಳೆಯ ಫೋನಿನಲ್ಲಿ ತೆಗೆದಿದ್ದ ವಿಡಿಯೊ ನೋಡಿದರು. ಮೈಕು ಸತ್ತಾಗ ಸಭೆಯೆಲ್ಲ ಸ್ಪೀಕರ್ ಬಾಕ್ಸ್ ಕಡೆ ತಿರುಗಿತ್ತು. ಕೊನೆಯ ಕುರ್ಚಿಯ ಹುಡುಗಿ ಮಾತ್ರ ನಾಯಕನ ಮುಖವನ್ನೇ ನೋಡುತ್ತಿದ್ದಳು.

"ಸದ್ದು ನಿಂತ್ರೆ ಯಾರೇ ಆದ್ರೂ ಬಾಕ್ಸ್ ನೋಡ್ತಾರೆ ಸರ್," ಎಂದರು ಹೆಡ್ ಕಾನ್‌ಸ್ಟೇಬಲ್. "ಇವಳಿಗೆ ಮೊದ್ಲೇ ಗೊತ್ತಿತ್ತು."

ಹುಡುಗಿ ಎಲೆಕ್ಟ್ರಾನಿಕ್ಸ್ ಕೊನೆಯ ವರ್ಷದವಳು. ಲ್ಯಾಬಿನಲ್ಲಿ ಸಿಕ್ಕಳು. ಕೇಳಿದ್ದೇ ತಡ, ಬ್ಯಾಗಿನಿಂದ ಕಟ್ಟರ್ ತೆಗೆದು ಮೇಜಿನ ಮೇಲಿಟ್ಟಳು.

"ಯಾಕಮ್ಮ?"

"ಹೋದ್ವರ್ಷ ಅದೇ ವೇದಿಕೇಲಿ ನಾನು ಮಾತಾಡೋಕೆ ನಿಂತಿದ್ದೆ. ಇವನೂ ಇವನ ಗುಂಪೂ ಚಪ್ಪಾಳೆ ಶುರು ಮಾಡಿದ್ರು. ನಾನು ಕೆಳಗಿಳಿಯೋವರೆಗೂ ನಿಲ್ಲಿಸ್ಲಿಲ್ಲ. ಬಾಯಿ ಆಡ್ತಾ ಇದ್ರೂ ಯಾರಿಗೂ ಕೇಳಿಸದೇ ಇದ್ರೆ ಹೇಗಿರುತ್ತೆ ಅಂತ ಅವನಿಗೂ ಗೊತ್ತಾಗ್ಲಿ ಅಂತ. ಚಪ್ಪಾಳೆಗೆ ಯಾವ ಸೆಕ್ಷನ್ ಹಾಕ್ತೀರಿ ಸರ್?"

ಚಪ್ಪಾಳೆಗೆ ಯಾವ ಸೆಕ್ಷನ್ನೂ ಇರಲಿಲ್ಲ. ಅದು ಇನ್‌ಸ್ಪೆಕ್ಟರಿಗೆ ಚೆನ್ನಾಗಿಯೇ ಚುಚ್ಚಿತು. ಆದರೆ ವೈರ್ ಕತ್ತರಿಸಿದ್ದಕ್ಕೆ ಸೆಕ್ಷನ್ ಇತ್ತು. ಸಂಜೆ ನಾಲ್ಕಕ್ಕೆ ಬಂಧನ ದಾಖಲಾಯಿತು, ಜಾಮೀನಿನ ಕಾಗದವೂ ಸಿದ್ಧವಾಯಿತು. ಕುಲಸಚಿವರಿಗೆ ಫೋನ್ ಮಾಡಿ, "ಆರೋಪಿ ಸಿಕ್ಕಾಯ್ತು, ಬೀಗ ಒಳಗಿಟ್ಕೊಳ್ಳಿ ಸಾರ್," ಎಂದರು.

ಅಷ್ಟರಲ್ಲಿ ನಾಯಕ ದೂರಿನ ಕಾಗದಕ್ಕೆ ಸಹಿ ಹಾಕಲು ಠಾಣೆಗೆ ಬಂದ. ಹುಡುಗಿ ಹೇಳಿದ್ದು ತಿಳಿದು ಮುಖ ಸಣ್ಣ ಮಾಡಿಕೊಂಡ.

"ತಮಾಷೆಗೆ ಹೊಡೆದಿದ್ದು ಸರ್. ಚಪ್ಪಾಳೆ ಹೊಡೆಯೋದೂ ನಮ್ಮ ಹಕ್ಕೇ ಅಲ್ವಾ?"

"ಇರ್ಲಿ. ಆವತ್ತು ಅವಳು ಏನು ಹೇಳೋಕೆ ಬಂದಿದ್ಲು?"

ನಾಯಕ ಪೆನ್ನು ಕೆಳಗಿಟ್ಟ.

"ಗೊತ್ತಿಲ್ಲ ಸರ್."

ಇನ್‌ಸ್ಪೆಕ್ಟರ್ ಕುರ್ಚಿ ಎಳೆದುಕೊಟ್ಟರು. "ಪಕ್ಕದ ರೂಮಲ್ಲಿ ಅದನ್ನೂ ಸೇರಿಸಿ ಹೇಳಿಕೆ ಬರೆಸ್ತಾ ಇದ್ದಾಳೆ. ಬಾಗ್ಲು ತೆಗೆದೇ ಇದೆ. ಕೂತ್ಕೊಂಡು ಕೇಳಿಸ್ಕೋ."

ಅವನು ಕೂತ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಕೆಳಗೆ ಸೇರಿಸಿಕೊಂಡ.