ಕೇಳದೆ ಇಟ್ಟ ಕಣ್ಣು

ಬಹಳ ಹಿಂದೆ, ಹುಲಿಗಳೂ ಮಾತಾಡುತ್ತಿದ್ದ ಕಾಲದಲ್ಲಿ, ತಿಳಿಹೊಳೆ ಎಂಬ ರಾಜ್ಯವಿತ್ತು. ಅಲ್ಲಿ ಕೇಶಿಗನೆಂಬ ಚಿತ್ರಗಾರ ತನ್ನ ತಂಗಿ ಹೊನ್ನಿಯೊಡನೆ ಇದ್ದ. ಅಪ್ಪ ಅಮ್ಮ ಇಲ್ಲದ ಮನೆ. ಅವನಿಗೆ ಅವಳು, ಅವಳಿಗೆ ಅವನು.

ಆ ನಾಡಿನ ಚಿತ್ರಗಾರರಲ್ಲಿ ಒಂದು ಕಟ್ಟಳೆಯಿತ್ತು. ಯಾರ ಚಿತ್ರವಾದರೂ ಕಣ್ಣು ಕೊನೆಗೆ. ಕಣ್ಣಿಡುವ ಮುನ್ನ ಅವರನ್ನು "ಇಡಲೇ?" ಎಂದು ಕೇಳಬೇಕು. "ಇಡು" ಎಂದರೆ ಮಾತ್ರ ಇಡಬೇಕು.

ಒಂದು ಬೇಸಿಗೆಯಲ್ಲಿ ರಾಜನು ಹೊಳೆಯಲ್ಲಿ ಮೀಯುವ ಜನರನ್ನು ದಂಡೆಯ ಅರಮನೆ ಗೋಡೆಯ ಮೇಲೆ ಬರೆಯಲು ಹೇಳಿದ. ಆಸ್ಥಾನದ ಮಾಂತ್ರಿಕ ಬೂದಿಗಣ್ಣ ಬಣ್ಣ ಅರೆದುಕೊಟ್ಟ. ಎಂಥ ಬಣ್ಣ! ಕೇಶಿಗ ಗೆರೆ ಎಳೆಯಲೇ ಇಲ್ಲ, ಬರೀ ಬಣ್ಣವನ್ನೇ ಒತ್ತುತ್ತ ಹೋದ. ಮರಗಳಿಗೆ ಕಿತ್ತಳೆ, ನೆರಳಿಗೆ ನೀಲಿ, ಬಿಸಿಲು ಬಿದ್ದ ಬೆನ್ನುಗಳಿಗೆ ಗುಲಾಬಿ. ಹೊನ್ನಿ ಸೊಂಟದುದ್ದ ನೀರಿನಲ್ಲಿ ನಿಂತು ಕೂದಲು ಹಿಂಡುತ್ತಿದ್ದಳು.

ಸಂಜೆಗೆ ರಾಜ ಬರುವವನಿದ್ದ. "ಇಷ್ಟು ಜನರನ್ನ ಕೇಳ್ತಾ ಕೂತರೆ ಆಯ್ತು ಬಿಡು," ಎಂದ ಬೂದಿಗಣ್ಣ. ಹಾರ ತುರಾಯಿಯ ಆಸೆಗೆ ಬಿದ್ದ ಕೇಶಿಗ ಕೇಳದೆಯೇ ಕಣ್ಣಿಡತೊಡಗಿದ.

"ಅಣ್ಣಾ, ನನ್ನನ್ನ ಕೇಳಲೇ ಇಲ್ಲ ನೀನು!" ಹೊನ್ನಿ ನೀರಿನಿಂದಲೇ ಕೂಗಿದಳು.

"ಮನೆ ಹುಡುಗಿಯನ್ನ ಏನೇ ಕೇಳೋದು?" ಎಂದು ಅವನು ಕೊನೆಯ ಕಣ್ಣನ್ನೂ ಇಟ್ಟೇಬಿಟ್ಟ.

ಹೊಳೆ ಬರಿದಾಯಿತು. ಮೀಯುತ್ತಿದ್ದವರೆಲ್ಲ ಗೋಡೆಯೊಳಗಿದ್ದರು.

ಬೂದಿಗಣ್ಣ ಗಹಗಹಿಸಿದ. "ಇವರು ಇಲ್ಲಿರೋವರೆಗೂ ನನಗೆ ಸಾವಿಲ್ಲ! ಹೊಳೆ ಹುಟ್ಟೋ ಗುಹೆಯ ನೀರಿಗೆ ಮಾತ್ರ ಈ ಕಣ್ಣು ಅಳಿಯೋದು. ತರ್ತೀಯಾ? ಹೋಗು!"

ಕೇಶಿಗ ಅಳುತ್ತ ಹೊರಟ. ಮೊದಲ ಬೆಟ್ಟದಲ್ಲಿ ಪಟ್ಟೆ ಮಾಸಿದ ಹುಲಿ ಅಡ್ಡ ನಿಂತಿತು. "ದಾರಿ ಬಿಡಬೇಕಾದರೆ ನಿನ್ನ ಕೂದಲಿನ ಕಪ್ಪು ಬೇಕು. ತಗೊಳ್ಳಲೇ?"

"ತಗೋ," ಎಂದ. ತಲೆ ನರೆಯಿತು.

ಎರಡನೆಯ ಬೆಟ್ಟದಲ್ಲಿ ಬಣ್ಣಗೆಟ್ಟ ನವಿಲು. "ನಿನ್ನ ಕಣ್ಣು ಕಾಣುವ ಬಣ್ಣವೆಲ್ಲ ಬೇಕು. ತಗೊಳ್ಳಲೇ?"

"ತಗೋ," ಎಂದ. ಚಿತ್ರಗಾರನ ಕಣ್ಣಿಗೆ ಅಂದಿನಿಂದ ಲೋಕವೆಲ್ಲ ಬೂದಿ.

ಗುಹೆಯ ಬಾಯಲ್ಲಿ ಮುದಿ ಆಮೆ. "ನಿನ್ನ ಪ್ರಾಯ ಬೇಕು. ತಗೊಳ್ಳಲೇ?"

ಕೇಶಿಗ ಹಣೆ ಚಚ್ಚಿಕೊಂಡ. ಕಾಡಿನ ಮೃಗಗಳೂ ಕೇಳುತ್ತಿವೆ, ಒಡಹುಟ್ಟಿದವಳನ್ನು ನಾನು ಕೇಳಲಿಲ್ಲವಲ್ಲ! "ತಗೋ," ಎಂದ. ಬೆನ್ನು ಬಾಗಿತು.

ಕೋಲೂರಿಕೊಂಡು ನೀರು ತಂದ. ಗೋಡೆಯ ಮುಂದೆ ನಿಂತು ಒಬ್ಬೊಬ್ಬರನ್ನೂ "ಒರೆಸಲೇ?" ಎಂದು ಕೇಳಿದ. "ಒರೆಸು" ಎಂಬ ದನಿ ಒಳಗಿನಿಂದ ಬಂದ ಮೇಲೆಯೇ ಕಣ್ಣು ಒರೆಸಿದ. ಒಬ್ಬೊಬ್ಬರೇ ಹೊರಬಂದರು. ಕೊನೆಗೆ ಹೊನ್ನಿ ಹೊರಬಂದಾಗ ಬೂದಿಗಣ್ಣ ಒಣಗಿದ ಬಣ್ಣದಂತೆ ಚಕ್ಕೆಚಕ್ಕೆಯಾಗಿ ಉದುರಿಹೋದ.

ಹೊನ್ನಿಯ ಕೂದಲಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. "ಅಜ್ಜಾ, ನಮ್ಮಣ್ಣ ಎಲ್ಲಿ?"

"ನಾನೇ ಕಣೇ, ಹೊನ್ನಿ."

ಅವಳು ನಕ್ಕಳು. "ಹೋಗಜ್ಜಾ! ನಮ್ಮಣ್ಣ ನನ್ನನ್ನ ಯಾವತ್ತೂ ಕೇಳ್ತಿರಲಿಲ್ಲ. ನೀನು ಕೇಳಿದೆ."



ಜನ ಮತ್ತೆ ಹೊಳೆಗಿಳಿದು ಮಿಂದರು, ಎಲ್ಲರೂ ಸುಖವಾಗಿದ್ದರು. ಹೊನ್ನಿ ಕನಿಕರದ ಹುಡುಗಿ, ದಿಕ್ಕಿಲ್ಲದ ಅಜ್ಜನೆಂದು ಅವನನ್ನು ಮನೆಗೆ ಕರೆದೊಯ್ದಳು. ದಿನವೂ ಊಟದ ಹೊತ್ತಿಗೆ ಅಣ್ಣನಿಗೆಂದು ಒಂದು ಎಲೆ ಹಾಕಿ ಬಾಗಿಲ ಕಡೆ ನೋಡುತ್ತಿದ್ದಳು.

"ಬರ್ತಾನೆ, ಅಲ್ವಾ ಅಜ್ಜಾ?"

"ಬರ್ತಾನಮ್ಮ," ಎಂದು ಕೇಶಿಗ ಆ ಖಾಲಿ ಎಲೆಯ ಎದುರು ಕೂತು ಉಣ್ಣುತ್ತಿದ್ದ.